ಮೂರನೇ ಪ್ಲಗ್ಗು

ಹಣಮಪ್ಪನ ಬಲಗೈ ಗಾಣಕ್ಕೆ ಸಿಕ್ಕಿತೆಂಬ ಸುದ್ದಿ ಬಂದಾಗ ಗಂಗಾರಾಮ ತಿಮ್ಮಾಪುರದ ತನ್ನ ಮನೆಯ ಮುಂದೆ ಬೇವಿನ ಗಿಡದ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಜೀಪಿನ ಪ್ಲಗ್ಗು ತಿಕ್ಕುತ್ತಿದ್ದ. ನಾಲ್ಕೂ ಪ್ಲಗ್ಗು ಎಂಜಿನ್ನಿನಿಂದ ಹೊರಗಿದ್ದವು. ಎರಡು ಪೆಟ್ರೋಲಿನ ಬಟ್ಟಲಲ್ಲಿ ನೆನೆಯುತ್ತಿದ್ದವು, ಒಂದು ಹಳೇ ಬನಿಯನ್ನಿನ ಚೂರಿನ ಮೇಲೆ ಆರುತ್ತಿತ್ತು, ನಾಲ್ಕನೆಯದು ಅವನ ಕೈಯಲ್ಲಿ ತಂತಿಯ ಬ್ರಷ್ಷಿನ ಕೆಳಗಿತ್ತು.

ಸುದ್ದಿ ತಂದವನು ಕಬ್ಬಿನ ಗಾಣದ ಯಜಮಾನ ವಿಠೋಬಾ. ಹೊಲದಿಂದ ಓಡಿ ಬಂದಿದ್ದ. ತಲೆಯ ಮೇಲಿನ ರುಮಾಲು ಎಲ್ಲೋ ಬಿದ್ದುಹೋಗಿತ್ತು.

"ಗಂಗಾರಾಮಾ, ಲಗೂನ ಜೀಪ್ ತಗಿಯೋ. ನಿನ್ನ ತಮ್ಮನ ಕೈ ಗಾಣದಾಗ ಹೋತು."

ಗಂಗಾರಾಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಬೆಳಿಗ್ಗೆ ತಾನೇ ಹಣಮಪ್ಪ ಇದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗಿದ್ದ. ಬನಹಟ್ಟಿಯ ಒಂದು ಮಗ್ಗದ ಕಾರಖಾನೆಯಲ್ಲಿ ಅವನು ಫಿಟ್ಟರ್. ಸಂಕ್ರಮಣಕ್ಕೆ ಮೂರು ದಿನದ ರಜೆ ಹಾಕಿ ಹೆಂಡತಿ ಮಾದೇವಿಯನ್ನು ಕರೆದುಕೊಂಡು ಊರಿಗೆ ಬಂದಿದ್ದ. ಗಾಣದ ಉರುಳೆ ತಡೆದು ತಡೆದು ತಿರುಗುತ್ತಿದೆ, ಸ್ವಲ್ಪ ಬಂದು ನೋಡು ಎಂದು ವಿಠೋಬಾ ಹೇಳಿಕಳಿಸಿದ್ದಕ್ಕೆ ಹೋಗಿದ್ದ. ಯಂತ್ರದ ಕೆಲಸಕ್ಕೆ ಯಾರು ಕರೆದರೂ ಇಲ್ಲ ಎನ್ನುವ ಮನುಷ್ಯನಲ್ಲ ಅವನು.

"ಜೀವ ಐತಿಲ್ಲೋ?" ಎಂದ ಗಂಗಾರಾಮ.

"ಜೀವ ಐತಿ. ಕೈ ಮಾತ್ರ ನೋಡುವಂಗಿಲ್ಲ. ನೀ ಮೊದಲ ಏಳು."

ಏಳುವುದು ಹೇಗೆ? ಪ್ಲಗ್ಗುಗಳೆಲ್ಲ ನೆಲದ ಮೇಲಿದ್ದವು. ಗಂಗಾರಾಮ ಅವನ್ನು ಅಂಗಿಯ ಚುಂಗಿನಿಂದ ಒರೆಸಿ ಒಂದೊಂದಾಗಿ ತಿರುಗಿಸಿ ಕೂಡಿಸತೊಡಗಿದ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ, ಅವತ್ತು ಬೆರಳು ಮಾತು ಕೇಳಲಿಲ್ಲ. ಎರಡನೆಯದು ಓರೆಯಾಗಿ ಕೂತಿತು, ಬಿಚ್ಚಿ ಮತ್ತೆ ಹಾಕಿದ. ವಿಠೋಬಾ ಪಕ್ಕದಲ್ಲಿ ನಿಂತು "ಲಗೂ ಮಾಡೋ, ಲಗೂ ಮಾಡೋ" ಎನ್ನುತ್ತಲೇ ಇದ್ದ. ನಾಲ್ಕೂ ಕೂಡಿಸಿ, ತಂತಿ ಸಿಗಿಸಿ, ಹ್ಯಾಂಡಲ್ ಹೊಡೆದಾಗ ಜೀಪು ಮೂರನೇ ಏಟಿಗೆ ಎದ್ದಿತು.

ಮಿಲಿಟರಿ ಹರಾಜಿನಲ್ಲಿ ಹಿಡಿದ ಪೆಟ್ರೋಲ್ ಜೀಪು ಅದು. ಗಂಗಾರಾಮನ ಕೈಗೆ ಬಂದು ಹನ್ನೆರಡು ವರ್ಷವಾಗಿತ್ತು. ಎಂಜಿನ್ ಸವೆದು, ಸುಡಬಾರದ ಎಣ್ಣೆಯನ್ನೆಲ್ಲ ಸುಡುತ್ತಿತ್ತು. ಹೀಗಾಗಿ ಮೂರು ದಿನಕ್ಕೊಮ್ಮೆ ಪ್ಲಗ್ಗುಗಳ ಬಾಯಿಗೆ ಕರಿ ಮೆತ್ತಿ ಕಿಡಿ ಹಾರುವುದು ನಿಲ್ಲುತ್ತಿತ್ತು. ಗಂಗಾರಾಮ ಅವನ್ನು ಬಿಚ್ಚಿ, ಪೆಟ್ರೋಲಿನಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಉಸುಕಿನ ಕಾಗದ ಹಿಡಿದು, ತುದಿಯ ಸಂದನ್ನು ಹಳೇ ಬ್ಲೇಡಿನಿಂದ ಅಳೆದು ಮತ್ತೆ ಹಾಕುತ್ತಿದ್ದ. ಮುಧೋಳದ ಜೀಪ್ ಅಡ್ಡೆಯಲ್ಲಿ ಬೇರೆಯವರೂ ತಮ್ಮ ಪ್ಲಗ್ಗುಗಳನ್ನು ಅವನ ಹತ್ತಿರ ತರುತ್ತಿದ್ದರು. ಸತ್ತ ಪ್ಲಗ್ಗಿಗೆ ಜೀವ ತರುವ ಕೈ ಎಂದು ಅವರು ಹೇಳಿದರೆ ಅವನು ಏನೂ ಅನ್ನದೆ ಬೀಡಿ ಹಚ್ಚುತ್ತಿದ್ದ. ಒಳಗೊಳಗೆ ಅದು ಅವನಿಗೆ ಬಹಳ ಬೇಕಾದ ಮಾತು.

ಗಾಣದ ಹತ್ತಿರ ಜನ ಸೇರಿದ್ದರು. ಡೀಸೆಲ್ ಎಂಜಿನ್ ಇನ್ನೂ ಬಡಿಯುತ್ತಲೇ ಇತ್ತು, ಅದರ ಬೆಲ್ಟು ಮಾತ್ರ ನೆಲದ ಮೇಲೆ ಬಿದ್ದಿತ್ತು. ತೋಳಿಲ್ಲದ ಬನಿಯನ್ ಹಾಕಿಕೊಂಡು ಮಾಡಬೇಕಾದ ಕೆಲಸವನ್ನು ಹಣಮಪ್ಪ ಅಂಗಿ ತೊಟ್ಟು ಮಾಡಲು ಹೋಗಿದ್ದ. ಉರುಳೆ ಮೊದಲು ಅಂಗಿಯ ತೋಳು ಹಿಡಿದು, ಆಮೇಲೆ ಕೈ ಹಿಡಿದಿತ್ತು. ನೋಡುತ್ತಿದ್ದ ಗಂಡಸರೆಲ್ಲ ಕೂಗಿದರೇ ಹೊರತು ಯಾರಿಗೂ ಏನೂ ಹೊಳೆದಿರಲಿಲ್ಲ. ಬುತ್ತಿ ತಂದಿದ್ದ ಮಾದೇವಿಯೇ ಒಂದು ಬಡಿಗೆ ಎತ್ತಿ ತಿರುಗುವ ಬೆಲ್ಟಿಗೆ ಅಡ್ಡ ಹೊಡೆದು ಅದನ್ನು ಕೆಡವಿದ್ದಳು. ಇಲ್ಲದಿದ್ದರೆ ಭುಜದತನಕ ಹೋಗುತ್ತಿತ್ತು.

ಹಣಮಪ್ಪ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿ ಕೂತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾದೇವಿ ತನ್ನ ಸೆರಗು ಹರಿದು ಅವನ ಮುಂಗೈಗೆ ಸುತ್ತಿ ಎರಡೂ ಕೈಯಿಂದ ಅಮುಕಿ ಹಿಡಿದಿದ್ದಳು. ಬಟ್ಟೆ ನೆನೆದು ತೊಟ್ಟಿಕ್ಕುತ್ತಿತ್ತು.

"ಅಣ್ಣಾ, ಬಂದೀ?" ಎಂದ ಹಣಮಪ್ಪ. "ಎಂಜಿನ್ ಬಂದ್ ಮಾಡಾಕ ಹೇಳು. ಸುಮ್ಮನ ತಿರಗಾಕತ್ತೈತಿ."

ಗಂಗಾರಾಮ ಹೋಗಿ ಎಂಜಿನ್ ನಿಲ್ಲಿಸಿ ಬಂದ. ತಂದೆ ತೀರಿದಾಗ ಹಣಮಪ್ಪ ಒಂಬತ್ತು ವರ್ಷದವನು. ಅವನನ್ನು ಬೆಳೆಸಿದ್ದು, ಇದೇ ಜೀಪಿನ ಬಾನೆಟ್ಟಿನ ಕೆಳಗೆ ತಲೆ ಹಾಕಿಸಿ ಎಂಜಿನ್ ಅಂದರೆ ಏನೆಂದು ಕಲಿಸಿದ್ದು ತಾನು. ಕಲಿತವನು ಈಗ ಕಲಿಸಿದವನಿಗಿಂತ ಮುಂದೆ ಹೋಗಿದ್ದ.

ನಾಲ್ಕು ಜನ ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಮಾದೇವಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯನ್ನು ಮೇಲಕ್ಕೆ ಎತ್ತಿ ಹಿಡಿದಳು. ಮುಧೋಳದತನಕ ಜೀಪು ಚೆನ್ನಾಗಿಯೇ ಓಡಿತು. ಊರು ಕಾಣಿಸುವ ಹೊತ್ತಿಗೆ ಮಾತ್ರ ಎಂಜಿನ್ನಿನ ಸದ್ದಿನಲ್ಲಿ ನಡುನಡುವೆ ಒಂದು ಏಟು ತಪ್ಪತೊಡಗಿತು. ಗಂಗಾರಾಮ ಕೇಳಿಯೂ ಕೇಳದಂತೆ ಇದ್ದ. ಹಿಂದಿನಿಂದ ಹಣಮಪ್ಪನ ದನಿ ಬಂತು:

"ಮೂರನೇದು ಬಿಟ್ಟ ಬಿಟ್ಟ ಬಡ್ಯಾಕತ್ತೈತಿ, ಅಣ್ಣಾ."

"ನೀ ಮಾತಾಡಬ್ಯಾಡಲೇ, ಸುಮ್ಮನ ಮಲಗು."

ಮುಧೋಳದ ಡಾಕ್ಟರು ಬಟ್ಟೆ ಬಿಚ್ಚಿ ನೋಡಿದರು. ಗಂಗಾರಾಮನೂ ನೋಡಿದ, ನೋಡಿ ಗೋಡೆಯ ಕಡೆ ತಿರುಗಿದ. ಡಾಕ್ಟರು ಮೊಣಕೈ ಮೇಲೆ ರಬ್ಬರಿನ ಪಟ್ಟಿ ಬಿಗಿದು ಇಂಜೆಕ್ಷನ್ ಕೊಟ್ಟರು.

"ಇದು ನನ್ನ ಕಡಿಂದ ಆಗೂ ಕೆಲಸ ಅಲ್ಲ. ಎಲುಬು ಪುಡಿ ಆಗ್ಯಾವ. ಜಮಖಂಡಿಗೆ ಒಯ್ಯಿರಿ, ಅಲ್ಲಿ ಆಪರೇಶನ್ ಮಾಡವ್ರು ಇದ್ದಾರ, ಚೀಟಿ ಕೊಡ್ತೇನಿ. ಆದರ ಒಂದು ಮಾತು ನೆನಪಿಡ್ರಿ. ಈ ಪಟ್ಟಿ ಕಟ್ಟಿದ ಮ್ಯಾಲೆ ಕೈಗೆ ರಕ್ತ ಹೋಗೂದುಲ್ಲ. ಭಾಳ ಹೊತ್ತು ಹಿಂಗ ಇದ್ರ ಇದ್ದ ಮಾಂಸಾನೂ ಸಾಯತೈತಿ. ಬಿಚ್ಚಿದ್ರ ರಕ್ತ ಹೋಗಿ ಮನಶ್ಯಾನ ಹೋಗ್ತಾನ. ತಾಸಿನೊಳಗ ಮುಟ್ಟಬೇಕು."

"ಮುಟ್ಟಿಸ್ತೇನ್ರಿ," ಎಂದ ಗಂಗಾರಾಮ.

"ಗಾಯ ತೊಳದು ಕಟ್ಟಾಕ ಇನ್ನ ಹತ್ತು ಮಿನಿಟ್ ಬೇಕು. ನೀವು ಗಾಡಿ ತಯಾರ ಇಡ್ರಿ."

ಹತ್ತು ಮಿನಿಟು. ಗಂಗಾರಾಮ ಹೊರಗೆ ಬಂದು ಬಾನೆಟ್ ಎತ್ತಿದ. ರಸ್ತೆಯ ಆಚೆ ಬದಿಗೆ ನೇರವಾಗಿ ದಶರಥನ ಅಂಗಡಿ. ಮೋಟಾರಿನ ಬಿಡಿಭಾಗ ಮಾರುವ ಅಂಗಡಿ ಅದು, ಮುಂದೆ ಟ್ಯೂಬು ಬೆಲ್ಟು ನೇತು ಹಾಕಿದ್ದರು. ಗಾಜಿನ ಕಪಾಟಿನಲ್ಲಿ ಪ್ಲಗ್ಗಿನ ಸಣ್ಣ ಸಣ್ಣ ಡಬ್ಬಿ ಸಾಲಾಗಿ ಕೂತಿದ್ದು ಇಲ್ಲಿಂದಲೇ ಕಾಣುತ್ತಿತ್ತು. ಮಾದೇವಿ ಕೈ ತೊಳೆಯಲು ಹೊರಗೆ ಬಂದವಳು ಅದನ್ನು ನೋಡಿದಳು, ಬಿಚ್ಚಿಟ್ಟ ಪ್ಲಗ್ಗುಗಳನ್ನೂ ನೋಡಿದಳು.

"ಭಾವಾರ, ಅವನ್ನ ಯಾಕ ತಿಕ್ಕಾಕತ್ತೀರಿ? ಅಂಗಡಿ ಎದುರಿಗೇ ಐತಿ. ಹೊಸಾವು ತಂದು ಹಾಕ್ರಿ."

"ಹೊಸಾವನ್ನ ನಂಬಾಕ ಬರೂದುಲ್ಲ, ಯವ್ವಾ."

"ಇವರು ದೀಪಾವಳಿಗೆ ತಂದಾಗೂ ನೀವು ಹಿಂಗ ಅಂದು ತಿರುಗಿ ಕಳಿಸಿದ್ರಿ. ಇವತ್ತರೆ ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಗಂಗಾರಾಮ ಮೊಂಡುತನಕ್ಕೆ ಹಾಗೆ ಅನ್ನುತ್ತಿರಲಿಲ್ಲ. ಮೂರು ವರ್ಷದ ಹಿಂದೆ, ಇದಕ್ಕಿಂತ ದೊಡ್ಡ ಪೇಟೆಯಿಂದ ಹೊಸ ಪ್ಲಗ್ಗು ತಂದು ಹಾಕಿ ಬೀಳಗಿಗೆ ಮದುವೆ ದಿಬ್ಬಣ ಒಯ್ದಿದ್ದ. ಡಬ್ಬಿ ಚಂದ ಇತ್ತು, ಒಳಗಿನ ಮಾಲು ನಕಲಿ. ಎಂಟು ಮೈಲಿಗೆ ಎರಡು ಪ್ಲಗ್ಗು ಸತ್ತು, ಮದುಮಗನನ್ನು ಚಕ್ಕಡಿಯಲ್ಲಿ ಕೂಡಿಸಿ ಕಳಿಸಬೇಕಾಗಿ ಬಂದಿತ್ತು. ಅಡ್ಡೆಯವರು ಆ ಕಥೆಯನ್ನು ಇನ್ನೂ ಹೇಳಿ ನಗುತ್ತಿದ್ದರು. ಇವತ್ತು ಇಂಥ ಹೊತ್ತಿನಲ್ಲಿ ಗೊತ್ತಿಲ್ಲದ ಪ್ಲಗ್ಗು ಹಾಕಿ ನಡುದಾರಿಯಲ್ಲಿ ಕೈಕೊಟ್ಟರೆ? ಈ ನಾಲ್ಕರ ಗುಣ ಅವನಿಗೆ ಗೊತ್ತಿತ್ತು. ತಿಕ್ಕಿದರೆ ಓಡುತ್ತವೆ. ಯಾವಾಗಲೂ ಓಡಿದ್ದವು.

"ನಿನಗ ತಿಳಿಯೂದುಲ್ಲ ಬಿಡು. ಒಳಗ ಹೋಗಿ ಅವನ್ನ ನೋಡ್ಕೋ," ಎಂದ.

ಮಾದೇವಿ ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಒಂದು ಕರಿ ಗೆರೆ ಇತ್ತು. ಮಸಿಯ ಗೆರೆ. ಗಂಗಾರಾಮ ಅದನ್ನು ಜೋರಾಗಿ ತಿಕ್ಕಿದ. ಎಷ್ಟೋ ತಿಂಗಳಿಂದ ತಿಕ್ಕುತ್ತಲೇ ಇದ್ದ, ಅದು ಪೂರಾ ಹೋಗುತ್ತಿರಲಿಲ್ಲ. ಹೋಗದಿದ್ದರೆ ಇರಲಿ ಎಂದು ಪ್ಲಗ್ಗನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು, ದಾರಿಹೋಕನೊಬ್ಬನಿಗೆ ಹ್ಯಾಂಡಲ್ ತಿರುಗಿಸಲು ಹೇಳಿದ. ಚಟ್, ಚಟ್ ಎಂದು ಕಿಡಿ ಹಾರಿತು. ನೀಲಿ ಕಿಡಿ. ಅವನ ಎದೆ ಸ್ವಲ್ಪ ಹಗುರಾಯಿತು.

ಅದೇ ಹೊತ್ತಿಗೆ ಹಣಮಪ್ಪನನ್ನು ಎತ್ತಿಕೊಂಡು ಹೊರಗೆ ತಂದರು. ಕಿಡಿಯನ್ನು ಅವನೂ ನೋಡಿದ.

"ಗಾಳ್ಯಾಗ ಹಿಡಿದ್ರ ಎಲ್ಲಾನೂ ಕಿಡಿ ಕೊಡ್ತಾವಣ್ಣಾ," ಎಂದ ಮೆಲ್ಲಗೆ. "ಎಂಜಿನ್ ಒಳಗ ಒತ್ತಡ ಬಿದ್ದಾಗ ಕೊಡಬೇಕು."

ಈ ಮಾತು ಅವನು ಹೊಸದಾಗಿ ಹೇಳಿದ್ದಲ್ಲ. ಹತ್ತು ಸಲ ಇಬ್ಬರ ನಡುವೆ ಬಂದು, ನಗುತ್ತ ನಗುತ್ತ ಮುಗಿದುಹೋದ ಮಾತು. ಇವತ್ತು ಯಾರೂ ನಗಲಿಲ್ಲ. ಗಂಗಾರಾಮ ಪ್ಲಗ್ಗು ತಿರುಗಿಸಿ ಬಿಗಿದ.

ಮುಧೋಳ ಬಿಟ್ಟಾಗ ಹೊತ್ತು ನೆತ್ತಿಯಿಂದ ಸ್ವಲ್ಪ ವಾಲಿತ್ತು. ನಾಲ್ಕೈದು ಮೈಲಿ ಜೀಪು ಗುಂಡಿನ ಹಾಗೆ ಹೋಯಿತು. ಎರಡೂ ಬದಿಗೆ ಕಬ್ಬು, ಕಬ್ಬು ಮುಗಿದಲ್ಲಿ ಜೋಳ. ಗಂಗಾರಾಮ ತುಟಿ ಕಚ್ಚಿಕೊಂಡು ಕುಣಿಗಳನ್ನು ತಪ್ಪಿಸುತ್ತ ಓಡಿಸುತ್ತಿದ್ದ. ಮಾದೇವಿಯ ಹತ್ತಿರ ಹಣಮಪ್ಪನ ಕೈಗಡಿಯಾರವಿತ್ತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಪದೇ ಪದೇ ನೋಡುತ್ತಿದ್ದಳು.

ಏರು ಶುರುವಾಯಿತು. ಎಂಜಿನ್ನಿನ ಮೇಲೆ ಭಾರ ಬಿದ್ದದ್ದೇ ತಡ, ಮತ್ತೆ ಏಟು ತಪ್ಪಿತು. ಒಮ್ಮೆ ತಪ್ಪಿತು, ಆಮೇಲೆ ತಪ್ಪುತ್ತಲೇ ಹೋಯಿತು. ಜೀಪು ನಡುಗಿತು, ಹೊಗೆಕೊಳವೆಯಲ್ಲಿ ಧಡ್ ಎಂದು ಸದ್ದಾಯಿತು. ಗಂಗಾರಾಮ ಗೇರು ಇಳಿಸಿದ, ಮತ್ತೂ ಇಳಿಸಿದ. ಏರಿನ ಅರ್ಧಕ್ಕೆ ಬಂದು ಜೀಪು ಕೆಮ್ಮಿ ನಿಂತುಬಿಟ್ಟಿತು.

"ಈಗ ಆತು, ಈಗ ಆತು," ಎಂದು ಗಂಗಾರಾಮ ಯಾರೂ ಏನೂ ಕೇಳದಿದ್ದರೂ ಹೇಳಿ ಕೆಳಗೆ ಹಾರಿದ. ಗಾಲಿಗೆ ಕಲ್ಲು ಕೊಟ್ಟು ಬಾನೆಟ್ ಎತ್ತಿದ. ಪ್ಲಗ್ಗುಗಳು ಕೆಂಡದಂತೆ ಸುಡುತ್ತಿದ್ದವು. ಬಟ್ಟೆ ಸುತ್ತಿ ಹಿಡಿದರೂ ಬೊಬ್ಬೆ ಎದ್ದವು. ಬಿಚ್ಚಿದ, ಒರೆಸಿದ, ತಿಕ್ಕಿದ, ಹಾಕಿದ. ಹ್ಯಾಂಡಲ್ ಹೊಡೆದ. ಎದ್ದಿತು, ಹತ್ತು ಮಾರು ಹೋಗಿ ಮತ್ತೆ ನಿಂತಿತು. ಮತ್ತೆ ಬಿಚ್ಚಿದ. ನಾಲ್ಕನೆಯದರ ಬಾಯಿ ಎಣ್ಣೆಯಿಂದ ಒದ್ದೆಯಾಗಿತ್ತು, ಒರೆಸಿದಷ್ಟೂ ಒದ್ದೆ.

ಎದುರಿನಿಂದ ಬಂದ ಬಸ್ಸೊಂದು ಮುಧೋಳದ ಕಡೆಗೆ ಹೋಯಿತು. ಕಬ್ಬಿನ ಚಕ್ಕಡಿಗಳು ಎರಡು ಮೆಲ್ಲಗೆ ದಾಟಿದವು. ಹೊಡೆಯುವವರು ಇಳಿದು ಬಂದು ಹಿಂದಿನ ಸೀಟಿನಲ್ಲಿ ಇಣುಕಿ ನೋಡಿ, ನಾಲ್ಕು ಹೆಗಲು ಕೊಟ್ಟು ಜೀಪನ್ನು ಸ್ವಲ್ಪ ದೂರ ನೂಕಿದರು. ಏರಿನಲ್ಲಿ ಎಷ್ಟಂತ ನೂಕಿಯಾರು? ಅವರ ಎತ್ತುಗಳು ಬಿಸಿಲಿಗೆ ನಿಂತಿದ್ದವು. ಅವರೂ ಹೋದರು.

"ಎಷ್ಟು ಹೊತ್ತಾತು?" ಎಂದ ಗಂಗಾರಾಮ ತಲೆ ಎತ್ತದೆ.

"ಮುಧೋಳ ಬಿಟ್ಟು ಐವತ್ತು ಮಿನಿಟ್ ಆತು," ಎಂದಳು ಮಾದೇವಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಬೇಕಾಗಿತ್ತು ಎನ್ನಿಸಿತು ಅವನಿಗೆ.

ಮೂರನೇ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ನೋಡಿದ. ಕರಿ ಗೆರೆ ಅಲ್ಲೇ ಇತ್ತು. ಉಗುರಿನಿಂದ ಗೀರಿದ. ಉಗುರು ಗೆರೆಯಲ್ಲಿ ಸಿಕ್ಕಿತು. ಮಸಿಯಾಗಿದ್ದರೆ ಉಗುರು ಜಾರಬೇಕಿತ್ತು. ಇನ್ನೊಮ್ಮೆ ಗೀರಿದ, ಮತ್ತೆ ಸಿಕ್ಕಿತು. ಅದು ಬಿರುಕು. ಪಿಂಗಾಣಿ ಒಡೆದು ಆ ಬಿರುಕಿನಲ್ಲಿ ಮಸಿ ಕೂತಿತ್ತು. ಗಾಳಿಯಲ್ಲಿ ಹಿಡಿದಾಗ ತುದಿಗೆ ಹಾರುವ ಕಿಡಿ, ಎಂಜಿನ್ನಿನ ಒತ್ತಡದಲ್ಲಿ ತುದಿಗೆ ಹೋಗದೆ ಈ ಬಿರುಕಿನಿಂದ ಸೋರಿಹೋಗುತ್ತಿತ್ತು. ಎಷ್ಟು ತಿಂಗಳಿಂದ! ಒಡೆದದ್ದನ್ನು ಅವನು ಮಾಸಿದ್ದೆಂದು ತಿಳಿದು ತಿಕ್ಕುತ್ತ ಬಂದಿದ್ದ. ತಿಕ್ಕಿ ತಿಕ್ಕಿ ಬಿರುಕನ್ನು ಬೆಳೆಸಿಯೂ ಇದ್ದ.

ಗಂಗಾರಾಮ ಪ್ಲಗ್ಗನ್ನು ಹಿಡಿದುಕೊಂಡು ರಸ್ತೆಯ ನಡುವೆ ಹಾಗೇ ನಿಂತ. ಮುಂದೇನು ಮಾಡಬೇಕೆಂದು ಅವನ ತಲೆಗೆ ಬರಲಿಲ್ಲ. ಹೊಸದಾಗಿ ತಿಕ್ಕುವಂಥದ್ದು ಏನೂ ಉಳಿದಿರಲಿಲ್ಲ.

ಹಿಂದಿನಿಂದ ಫಟಫಟಿಯ ಸದ್ದು ಬಂತು. ಗಂಗಾರಾಮ ಎರಡೂ ಕೈ ಚಾಚಿ ಅಡ್ಡ ನಿಂತುಬಿಟ್ಟ. ಮೋಟಾರ್ ಸೈಕಲ್ಲಿನ ಸವಾರ ಬ್ರೇಕು ಹಾಕಿ "ಸಾಯ್ತೀ ಏನೋ?" ಎಂದು ಬೈದ. ಜೀಪಿನೊಳಗೆ ನೋಡಿ ಸುಮ್ಮನಾದ. ಅಪ್ಪಾಸಾಬ ಎಂಬ ಕಾರಕೂನ ಅವನು. ಮುಧೋಳದಲ್ಲಿ ತಂಗಿಯ ಮನೆಗೆ ಹೋಗಿದ್ದವನು ಜಮಖಂಡಿಗೆ ತಿರುಗಿ ಹೊರಟಿದ್ದ.

"ನಡುವ ಕೂಡಸ್ರಿ, ನಾ ಒಯ್ತೇನಿ," ಎಂದ. "ನೀವು ಹಿಂದ ಕುಂತು ಹಿಡ್ಕೋರಿ, ಅಕ್ಕಾರ."

ಗಂಗಾರಾಮ ತಮ್ಮನನ್ನು ಎತ್ತಿ ಫಟಫಟಿಯ ಮೇಲೆ ಕೂಡಿಸಿದ. ಕೂಡಿಸಿದ ಗಳಿಗೆಗೇ ಹಣಮಪ್ಪನ ಕುತ್ತಿಗೆ ವಾಲಿತು, ಮೈ ಗೋಣಿಚೀಲದಂತೆ ಬದಿಗೆ ಜಾರಿತು. ಮಾದೇವಿ ಕೂಗಿಕೊಂಡಳು. ಇಬ್ಬರೂ ಹಿಡಿದು ಮತ್ತೆ ಕೂಡಿಸಿದರು, ಮತ್ತೆ ಜಾರಿದ. ಈ ರಸ್ತೆಯಲ್ಲಿ, ಪ್ರಜ್ಞೆ ಇಲ್ಲದವನನ್ನು ಹೀಗೆ ಒಯ್ಯುವುದು ಆಗದ ಮಾತು. ತಿರುಗಿ ಜೀಪಿನಲ್ಲಿ ಮಲಗಿಸಿದರು. ಮಾದೇವಿ ಮುಖಕ್ಕೆ ನೀರು ಹಾಕಿದಳು.

"ನಾ ಮುಂದ ಹೋಗಿ ಯಾವದರೆ ಗಾಡಿ ಕಳಸ್ತೇನ್ರಿ," ಎಂದ ಅಪ್ಪಾಸಾಬ.

ಹೋಗಿ, ಗಾಡಿ ಹುಡುಕಿ, ಅದು ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ಹಣಮಪ್ಪ ಕಣ್ಣು ತೆರೆದ. ತುಟಿ ಅಲ್ಲಾಡಿತು. ಮಾದೇವಿ ಕಿವಿ ಹಚ್ಚಿ ಕೇಳಿ ತಲೆ ಎತ್ತಿದಳು.

"ಅವರ ಪ್ಲಗ್ ಕೇಳು ಅನ್ನಾಕತ್ತಾರ."

ಗಂಗಾರಾಮ ಫಟಫಟಿಯ ಕಡೆ ನೋಡಿದ. ಎದುರಿಗೇ ನಿಂತಿದೆ, ಎಂಜಿನ್ನಿನ ನೆತ್ತಿಯ ಮೇಲೆ ಪ್ಲಗ್ಗು ಕಾಣುತ್ತಿದೆ. ಅರ್ಧ ಪ್ರಾಣ ಹೋದವನಿಗೆ ಹೊಳೆದದ್ದು ತನಗೆ ಹೊಳೆಯಲಿಲ್ಲ. ಹಾಳಾದ್ದನ್ನು ತೆಗೆದು ಬೇರೆ ಹಾಕುವುದೆಂಬುದೇ ತನ್ನ ಬುದ್ಧಿಯಲ್ಲಿರಲಿಲ್ಲ.

"ಸಾಹೇಬ್ರ," ಎಂದ. ಮುಂದೆ ಹೇಳಲು ನಾಲಗೆ ಬರಲಿಲ್ಲ. ಅಪ್ಪಾಸಾಬನಿಗೇ ತಿಳಿಯಿತು.

"ಹೋದ ವಾರ ಹಾಕಿದ್ದೈತಿ," ಎಂದ ಅವನು. "ನಿಮ್ಮ ಜೀಪಿಗೆ ಕೂಡತೈತೇನು?"

"ಕೂಡಿಸ್ತೇನ್ರಿ."

ತಿರುಪಿನ ಅಳತೆ ಒಂದೇ ಆಗಿತ್ತು. ಗಂಗಾರಾಮ ಸುಟ್ಟ ಬೆರಳಿನಿಂದಲೇ ಪ್ಲಗ್ಗು ಬಿಚ್ಚಿ, ಮೂರನೆಯದರ ಜಾಗಕ್ಕೆ ಹಾಕಿ ಬಿಗಿದ. ಹ್ಯಾಂಡಲ್‌ನ ಒಂದೇ ಏಟಿಗೆ ಎಂಜಿನ್ ಎದ್ದಿತು. ನಾಲ್ಕನೆಯದು ಸತ್ತೇ ಇತ್ತು, ಆದರೆ ಮೂರು ಏಟು ಸರಿಯಾಗಿ ಬಿದ್ದವು. ಜೀಪು ನಡುಗುತ್ತ ನಡುಗುತ್ತ ಆ ಏರನ್ನು ಹತ್ತಿತು. ಗಂಗಾರಾಮ ಕನ್ನಡಿಯಲ್ಲಿ ನೋಡಿದಾಗ ಅಪ್ಪಾಸಾಬ ಸತ್ತ ಫಟಫಟಿಯನ್ನು ಜಾಲಿ ಗಿಡದ ಸಣ್ಣ ನೆರಳಿಗೆ ನೂಕುತ್ತಿದ್ದ.

ಆ ಒಂದು ಪ್ಲಗ್ಗು ಹಾಕಲು ಹಿಡಿದದ್ದು ಐದು ಮಿನಿಟು. ಜಮಖಂಡಿಯವರೆಗೂ ಗಂಗಾರಾಮನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಮುಧೋಳದಲ್ಲಿ ಹತ್ತು ಮಿನಿಟು ಇತ್ತು. ಅಂಗಡಿ ರಸ್ತೆಯ ಆಚೆಗಿತ್ತು.

ದವಾಖಾನೆ ಮುಟ್ಟಿದಾಗ ಪಟ್ಟಿ ಕಟ್ಟಿ ಎರಡೂವರೆ ತಾಸಾಗಿತ್ತು. ಹಣಮಪ್ಪನನ್ನು ನೇರವಾಗಿ ಒಳಗೆ ಒಯ್ದರು. ಮಾದೇವಿ ಬಾಗಿಲ ಎದುರಿಗೆ ಗೋಡೆಗೆ ಒರಗಿ ಕೂತಳು. ಗಂಗಾರಾಮ ನಿಂತೇ ಇದ್ದ. ಕೂತರೆ ಅವಳ ಎದುರಿಗೆ ಕೂಡಬೇಕಾಗುತ್ತಿತ್ತು.

ಹೊತ್ತು ಮುಳುಗುವ ಮುಂದೆ ಸರ್ಜನ್ ಹೊರಗೆ ಬಂದರು. "ಜೀವಕ್ಕೇನೂ ಭಯ ಇಲ್ಲ. ಕೈ ಮಣಿಕಟ್ಟಿನ ಮ್ಯಾಲೆ ತಗೀಬೇಕಾತು."

"ಮೊದಲ ಬಂದಿದ್ರ ಉಳೀತಿತ್ತೇನ್ರಿ?" ಎಂದ ಗಂಗಾರಾಮ. ಕೇಳಬಾರದೆಂದುಕೊಂಡೇ ಕೇಳಿದ್ದ.

ಸರ್ಜನ್ ಕನ್ನಡಕ ತೆಗೆದು ಒರೆಸಿದರು. "ಬೆರಳಂತೂ ಹೋಗೇ ಹೋಗ್ತಿದ್ವು. ಹೆಬ್ಬೆರಳು, ಅರ್ಧ ಅಂಗೈ ಉಳೀತಿತ್ತೋ ಏನೋ. ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ಲ."

ಉಳಿಯುತ್ತಿತ್ತು ಎಂದಿದ್ದರೆ ಅಳಬಹುದಿತ್ತು. ಉಳಿಯುತ್ತಿರಲಿಲ್ಲ ಎಂದಿದ್ದರೆ ಉಸಿರು ಬಿಡಬಹುದಿತ್ತು. ಗೊತ್ತಿಲ್ಲ ಎಂಬುದನ್ನು ಎಲ್ಲಿಡಬೇಕೆಂದು ಗಂಗಾರಾಮನಿಗೆ ತಿಳಿಯಲಿಲ್ಲ. ಹೆಬ್ಬೆರಳು ಇದ್ದರೆ ಫಿಟ್ಟರ್ ಸ್ಪ್ಯಾನರ್ ಹಿಡಿದಾನು. ಅವನು ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತ ಪಡಸಾಲೆಯಲ್ಲಿ ನಿಂತಿದ್ದ.

ಮಾದೇವಿ ಅವನನ್ನು ಬೈಯಲಿಲ್ಲ. "ಹೊಸಾವು ಹಾಕ್ರಿ ಅಂದಿದ್ನಿ" ಎಂದು ಅವಳು ಒಮ್ಮೆ ಹೇಳಿಬಿಟ್ಟರೆ ಸಾಕಾಗಿತ್ತು. ಹೇಳಲಿಲ್ಲ. ಬೇಕಾದದ್ದಕ್ಕೆ ಅವಳು ನರ್ಸನ್ನು ಕೇಳುತ್ತಿದ್ದಳು, ಪಕ್ಕದ ಹಾಸಿಗೆಯವರನ್ನು ಕೇಳುತ್ತಿದ್ದಳು. ಗಂಗಾರಾಮನನ್ನು ಮಾತ್ರ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಪೇಟೆಗೆ ಹೋಗಿ ಎರಡು ಹೊಸ ಪ್ಲಗ್ಗು ತಂದ. ಅಪ್ಪಾಸಾಬನದನ್ನು ಬಿಚ್ಚಿ, ಹೊಸವನ್ನು ಜೀಪಿಗೆ ಹಾಕಿ, ಅವನ ಮನೆ ಹುಡುಕಿ ಹೋದ. ಅಪ್ಪಾಸಾಬ ಫಟಫಟಿಯನ್ನು ಚಕ್ಕಡಿಯ ಹಿಂದೆ ಕಟ್ಟಿಸಿಕೊಂಡು ರಾತ್ರಿ ಮನೆ ಸೇರಿದ್ದನಂತೆ. ಪ್ಲಗ್ಗು ತೆಗೆದುಕೊಂಡು "ಹೆಂಗದಾನ್ರಿ?" ಎಂದು ಕೇಳಿದ. ಗಂಗಾರಾಮ ತನ್ನ ಬಲಗೈ ಮಣಿಕಟ್ಟಿನ ಮೇಲೆ ಎಡಗೈ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಅಪ್ಪಾಸಾಬ ಚಹಾ ಕುಡಿದು ಹೋಗ್ರಿ ಎಂದ. ಅವನು ಕುಡಿಯದೆ ಬಂದ.

ಅದರ ಮರುದಿನ ಮಧ್ಯಾಹ್ನ ಹಣಮಪ್ಪನಿಗೆ ಪೂರಾ ಎಚ್ಚರವಾಗಿತ್ತು. ಮಾದೇವಿ ನೀರಿಗೆ ಹೋಗಿದ್ದಳು. ಗಂಗಾರಾಮ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತ. ಎರಡು ರಾತ್ರಿ ನಿದ್ದೆ ಇಲ್ಲದ ಮುಖ.

"ಮೂರನೇದು ಒಡದಿತ್ತು," ಎಂದ.

ಹಣಮಪ್ಪ ಕಣ್ಣನ್ನು ಛಾವಣಿಗೆ ತಿರುಗಿಸಿದ.

"ಸೀಳಿತ್ತು. ನಾ ಮಸಿ ಅಂತ ತಿಳ್ಕೊಂಡು ತಿಕ್ಕಾಕತ್ತಿದ್ನಿ. ಮುಧೋಳದಾಗ ಮಾದೇವಿ ಹೊಸಾವು ಹಾಕ್ರಿ ಅಂತ ಕಾಲಿಗೆ ಬಿದ್ಲು. ನಾ ಕೇಳಲಿಲ್ಲ. ಅಂಗಡಿ ಎದುರಿಗೇ ಇತ್ತು, ಹಣಮಾ."

ಹಣಮಪ್ಪ ಇನ್ನೂ ಛಾವಣಿಯ ಕಡೆಯೇ ನೋಡುತ್ತಿದ್ದ. "ಬೆರಳು ತಿಂತಾವಣ್ಣಾ," ಎಂದ. "ಇಲ್ಲದ ಬೆರಳು ತುರಸ್ತಾವ. ಎಲ್ಲಿ ಕೆರಕೋಬೇಕು?"

ಅಷ್ಟು ಹೇಳಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಅವನ ಭುಜ ಅಲುಗುವುದನ್ನು ಗಂಗಾರಾಮ ನೋಡಿದ. ಮುಟ್ಟಲೋ ಬೇಡವೋ ಎಂದು ಕೈ ಎತ್ತಿ, ಮುಟ್ಟದೆ ಹಾಗೇ ಇಳಿಸಿದ.

ಮಾದೇವಿ ಬಂದು, ಯಾರೋ ಪುಣ್ಯಾತ್ಮರು ತಂದುಕೊಟ್ಟಿದ್ದ ಅನ್ನ ಸಾರನ್ನು ತಾಟಿಗೆ ಹಾಕಿದಳು. ಹಣಮಪ್ಪ ಎಡಗೈ ಮುಂದೆ ಮಾಡಿದ, ಅನ್ನ ಮುಟ್ಟುವ ಮೊದಲೇ ಹಿಂದಕ್ಕೆ ತೆಗೆದುಕೊಂಡ. ಎಡಗೈಯಲ್ಲಿ ಉಣ್ಣಲು ಮನಸ್ಸು ಬರಲಿಲ್ಲ. ಗಂಗಾರಾಮ ತಾಟಿಗೆ ಕೈ ಚಾಚಿದ. ತಮ್ಮ ಸಣ್ಣವನಿದ್ದಾಗ ಎಷ್ಟು ಸಲ ಉಣಿಸಿದ್ದನೋ ಲೆಕ್ಕವಿಲ್ಲ.

"ನೀ ಬ್ಯಾಡಣ್ಣಾ," ಎಂದ ಹಣಮಪ್ಪ. "ಅಕಿ ಉಣಸಲಿ."

ಗಂಗಾರಾಮ ಎದ್ದು ಹೊರಗೆ ಬಂದ. ಪಡಸಾಲೆಯ ಮೆಟ್ಟಿಲ ಮೇಲೆ ಕೂತ. ಅಂಗಳದಲ್ಲಿ ಜೀಪು ಬಿಸಿಲಿಗೆ ನಿಂತಿತ್ತು. ಅದನ್ನು ಯಾರಾದರೂ ಬಂದು ಈಗಲೇ ಎಳೆದುಕೊಂಡು ಹೋದರೆ ಒಳ್ಳೆಯದಿತ್ತು ಎನ್ನಿಸಿತು. ಬನಹಟ್ಟಿಯ ಕಾರಖಾನೆಯಲ್ಲಿ ಒಂದೇ ಕೈಯವನಿಗೆ ಯಾವ ಕೆಲಸ ಕೊಡುತ್ತಾರೆ? ಬಾಗಿಲು ಕಾಯುವ ಕೆಲಸ ಕೊಟ್ಟಾರು. ಒಳಗೆ ಮಗ್ಗ ನಿಂತ ಸದ್ದು ಕೇಳಿ, ಯಾವ ಜಾಗದಲ್ಲಿ ಏನು ಕೆಟ್ಟಿದೆ ಎಂದು ಗೊತ್ತಿದ್ದೂ ಸುಮ್ಮನೆ ಬಾಗಿಲಲ್ಲಿ ಕೂಡಬೇಕು. ಹಣಮಪ್ಪ ಹಾಗೆ ಕೂತದ್ದು ಗಂಗಾರಾಮನ ಕಣ್ಣಿಗೆ ಕಟ್ಟಿತು. ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಬಿಕ್ಕಿದ. ಹೋಗುವವರು ಬರುವವರು ಬಳಸಿಕೊಂಡು ಹೋಗುತ್ತಿದ್ದರು. ದವಾಖಾನೆಯಲ್ಲಿ ಅಳುವವನನ್ನು ಯಾರೂ ನಿಂತು ಕೇಳುವುದಿಲ್ಲ.

"ಭಾವಾರ."

ಮಾದೇವಿ ಬಾಗಿಲಲ್ಲಿ ನಿಂತಿದ್ದಳು. ಎರಡು ದಿನದಲ್ಲಿ ಅವಳು ಅವನನ್ನು ಕರೆದದ್ದು ಇದೇ ಮೊದಲು.

"ಮಲಗಿಕೊಂಡು ಉಂಡ್ರ ಗಂಟಲಾಗ ಹತ್ತಾಕತ್ತೈತಿ. ಎಬ್ಬಿಸಿ ಕೂಡಸಬೇಕು. ನನ್ನೊಬ್ಬಾಕಿ ಕಡಿಂದ ಆಗವಲ್ದು."

ಗಂಗಾರಾಮ ಮುಖ ಒರೆಸಿಕೊಂಡು ಒಳಗೆ ಹೋದ. ಹಾಸಿಗೆಯ ತಲೆಗಡೆ ಹತ್ತಿ ಕೂತು, ತಮ್ಮನ ಎರಡೂ ಕಂಕುಳಲ್ಲಿ ಕೈ ಕೊಟ್ಟು ಮೆಲ್ಲಗೆ ಎತ್ತಿ ತನ್ನ ಎದೆಗೆ ಒರಗಿಸಿಕೊಂಡ. ಹಣಮಪ್ಪ ಬೇಡ ಎನ್ನಲಿಲ್ಲ. ಅವನ ಮೈ ಜ್ವರದಿಂದ ಸುಡುತ್ತಿತ್ತು. ಮಾದೇವಿ ಅನ್ನವನ್ನು ಮೆತ್ತಗೆ ಕಲಸಿ ಒಂದೊಂದೇ ತುತ್ತು ಬಾಯಿಗೆ ಇಡತೊಡಗಿದಳು. ತುತ್ತು ನುಂಗುವಾಗ ತಮ್ಮನ ಬೆನ್ನು ಅಲುಗುವುದು ಗಂಗಾರಾಮನ ಎದೆಗೆ ತಿಳಿಯುತ್ತಿತ್ತು.